ಕಿವಿಯ ನೋವಿಗೆ ಬಾಯಿಯ ಸಾಕ್ಷ್ಯ

ಗಿರ್ರನೆ ತಿರುಗುವ ಲೇತ್ ಯಂತ್ರದ ಮುಂದೆ ಕುಳಿತು, ಆಲೆಮರದ ತುಂಡಿಗೆ ಉಳಿಯನ್ನು ಒಡ್ಡಿ, ಅದು ದುಂಡಗಾದ ಮೇಲೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದು, ಘರ್ಷಣೆಯ ಶಾಖದಿಂದಲೇ ಬಣ್ಣವು ಕರಗಿ ಮರಕ್ಕೆ ಅಂಟುವಂತೆ ಮಾಡಿ, ಕೊನೆಗೆ ತಾಳೆಗರಿಯಿಂದ ಹೊಳಪೇರಿಸುವ ಚನ್ನಪಟ್ಟಣದ ಬೊಂಬೆ ಕೆಲಸಗಾರನಿಗೆ ಸ್ಥಿರವಾದ ಕೈಯಷ್ಟೇ ಸ್ಥಿರವಾದ ತಲೆಯೂ ಜೀವನಾಧಾರವಾಗಿದೆ. ಅಂಥವನಿಗೆ ಒಂದು ಬೆಳಗ್ಗೆ ಲೋಕವೇ ತನ್ನ ಸುತ್ತ ತಿರುಗಿದಂತಾದರೆ ಅವನು ಕಳೆದುಕೊಳ್ಳುವುದು ಒಂದು ದಿನದ ಕೂಲಿಯನ್ನು ಮಾತ್ರವಲ್ಲ. ಓಡುತ್ತಿರುವ ಯಂತ್ರದೆದುರಿಗೆ ಒಂದು ಕ್ಷಣ ತೂಕ ತಪ್ಪಿದರೂ ಬೆರಳಿಗೆ ಅಪಾಯ ಉಂಟು. ಆದರೂ ನಮ್ಮ ಊರುಗಳಲ್ಲಿ ತಲೆಸುತ್ತು ಎಂದೊಡನೆ ಹೊರಡುವ ಮಾತುಗಳು ಎರಡೋ ಮೂರೋ: ಪಿತ್ತ ಏರಿದೆ, ರಕ್ತ ಕಡಮೆಯಾಗಿದೆ, ಬಿ.ಪಿ. ನೋಡಿಸು. ಕಿವಿಯ ವಿಚಾರ ಬರುವುದು ತಡವಾಗಿ. ಬಾಯಿಯ ವಿಚಾರವಂತೂ ಬರುವುದೇ ಇಲ್ಲ. ತಲೆಸುತ್ತು, ಕಿವಿಮೊರೆತ, ಕಿವಿನೋವುಗಳೆಂದು ಬಂದ ರೋಗಿಯ ಬಾಯಿಯನ್ನು ತೆರೆಸಿ ನೋಡದೆ ಯಾವ ಆಸ್ಪತ್ರೆಯೂ ಅವನನ್ನು ಹಿಂದಿರುಗಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಇಂಥ ತಲೆಸುತ್ತಿನ ಮೂಲವು ಮಿದುಳಿನಲ್ಲಿಯೇ ಇರಬೇಕೆಂದು ಯೂರೋಪಿನ ವೈದ್ಯರೂ ಬಹುಕಾಲ ನಂಬಿದ್ದರು. ಪ್ಯಾರಿಸಿನ ಕಿವುಡ-ಮೂಗರ ಸಂಸ್ಥೆಯಲ್ಲಿ ವೈದ್ಯನಾಗಿದ್ದ ಪ್ರಾಸ್ಪರ್ ಮೆನಿಯೇರ್ ಎಂಬಾತನು 1861ರಲ್ಲಿ, ಶ್ರವಣವು ಕುಂದುವುದು, ಕಿವಿಯಲ್ಲಿ ಮೊರೆಯುವುದು, ತಲೆ ತಿರುಗುವುದು ಈ ಮೂರೂ ಕೂಡಿ ಬರುವ ವ್ಯಾಧಿಯ ನೆಲೆ ಒಳಕಿವಿಯೆಂದು ವಾದಿಸಿದಾಗಲಷ್ಟೆ ಆ ನಂಬಿಕೆ ಸಡಿಲಿತು. ಕೇಳುವ ಸುರುಳಿಯೂ, ದೇಹದ ಸಮತೋಲವನ್ನು ಕಾಯುವ ಮೂರು ಅರ್ಧವೃತ್ತಾಕಾರದ ನಾಳಗಳೂ ಕಣತಲೆಯ ಎಲುಬಿನೊಳಗೆ ಅಡಗಿವೆ. ಅದೇ ಎಲುಬಿನ ಕೆಳಭಾಗದಲ್ಲಿ, ಕಿವಿಯ ರಂಧ್ರಕ್ಕೆ ಹೊಂದಿಕೊಂಡಂತೆ ಮುಂದುಗಡೆ, ಕೆಳದವಡೆಯ ಕೀಲು ಕೂಡಿಕೊಂಡಿದೆ. ಸಂಶಯವುಳ್ಳವರು ಕಿರುಬೆರಳನ್ನು ಕಿವಿಯಲ್ಲಿಟ್ಟುಕೊಂಡು ಬಾಯಿಯನ್ನು ತೆರೆದು ಮುಚ್ಚಿ ನೋಡಬಹುದು. ಕೀಲಿನ ಚಲನೆ ಬೆರಳಿಗೆ ತಾನಾಗಿ ತಿಳಿಯುತ್ತದೆ.

ಈ ನೆರೆತನವು ಸ್ಥಳದ್ದು ಮಾತ್ರವಲ್ಲ. ಕೆಳಸಾಲಿನ ಹಲ್ಲುಗಳ ನೋವನ್ನು ಮಿದುಳಿಗೆ ಒಯ್ಯುವ ನರದ ಕವಲುಗಳೇ ದವಡೆಯ ಕೀಲಿಗೂ ಕಿವಿಯ ರಂಧ್ರಕ್ಕೂ ಹೋಗುತ್ತವೆ. ಅಗಿಯುವ ಸ್ನಾಯುಗಳನ್ನು ನಡೆಸುವ ನರವೇ ಕಿವಿದಮಟೆಯನ್ನು ಬಿಗಿಗೊಳಿಸುವ ಸಣ್ಣ ಸ್ನಾಯುವನ್ನೂ ನಡೆಸುತ್ತದೆ. ನಡುಗಿವಿಯ ಮೂರು ಪುಟ್ಟ ಮೂಳೆಗಳಲ್ಲಿ ಎರಡು, ಗರ್ಭಸ್ಥ ಶಿಶುವಿನಲ್ಲಿ ದವಡೆ ರೂಪುಗೊಳ್ಳುವ ಮೂಲದಿಂದಲೇ ಹುಟ್ಟುತ್ತವೆಂಬುದನ್ನು ಜರ್ಮನಿಯ ರೈಖರ್ಟ್ 1837ರಲ್ಲಿಯೇ ತೋರಿಸಿದ್ದನು. ಹೀಗಿರುವಾಗ ಒಂದೇ ಗೋಡೆಯನ್ನು ಹಂಚಿಕೊಂಡ ಎರಡು ಮನೆಗಳಂತೆ, ಅಲ್ಲಿ ಬಡಿದದ್ದು ಇಲ್ಲಿ ಕೇಳಿಸುವುದರಲ್ಲಿ ಆಶ್ಚರ್ಯವೇನು? ಹುಳುಕು ಹಿಡಿದ ಕಡೆಹಲ್ಲಿನ ನೋವು ಕಿವಿನೋವಾಗಿ ತೋರಿ, ಮನೆಯವರು ಕಿವಿಗೆ ಎಣ್ಣೆಯನ್ನು ಕಾಯಿಸಿ ಬಿಡುತ್ತ ಕುಳಿತಿರುವುದು ಅಪರೂಪವಲ್ಲ. ಕಿವಿಯಲ್ಲಿ ಗುಂಯ್ಗುಡುವ ಶಬ್ದವುಳ್ಳ ಕೆಲವರು ಹಲ್ಲನ್ನು ಗಟ್ಟಿಯಾಗಿ ಕಚ್ಚಿದರೆ ಆ ಶಬ್ದದ ಮಟ್ಟವೇ ಬದಲಾಗುವುದೂ ಉಂಟು. ನಮ್ಮ ಸುಶ್ರುತ ಸಂಹಿತೆಯು ಕರ್ಣನಾದವನ್ನು ಕಿವಿಯ ರೋಗಗಳಲ್ಲಿಯೂ, ದವಡೆಯ ಕೀಲು ಕಳಚುವ ಹನುಮೋಕ್ಷವನ್ನು ದಂತರೋಗಗಳಲ್ಲಿಯೂ ಎಣಿಸಿದೆ. ಹಲ್ಲು ಮತ್ತು ದವಡೆಗಳನ್ನು ಒಟ್ಟಿಗೆ ನೋಡುವ ಬುದ್ಧಿ ಆ ಕಾಲಕ್ಕೇ ಇದ್ದಿತು.

ಅಮೆರಿಕದ ಸೇಂಟ್ ಲೂಯಿ ನಗರದ ಕಿವಿವೈದ್ಯ ಜೇಮ್ಸ್ ಕಾಸ್ಟೆನ್ 1934ರಲ್ಲಿ ಈ ವಿಷಯವನ್ನು ಎತ್ತಿದನು. ಹಿಂಬದಿಯ ಹಲ್ಲುಗಳನ್ನು ಕಳೆದುಕೊಂಡವರಲ್ಲಿ ದವಡೆಯು ಅತಿಯಾಗಿ ಮುಚ್ಚಿ, ಹಿಂದಕ್ಕೆ ಸರಿದು, ಕಿವಿಯ ಭಾಗವನ್ನು ಒತ್ತುವುದರಿಂದ ಕಿವಿನೋವು, ಮೊರೆತ, ತಲೆಸುತ್ತುಗಳು ಉಂಟಾಗುವುವೆಂದು ಅವನ ವಾದ. ಮುಂದೆ ಅಂಗರಚನೆಯನ್ನು ಬಲ್ಲವರು ಆ ವಿವರಣೆಯನ್ನು ಅಲ್ಲಗಳೆದರು; ಆದರೆ ಅವನು ಕಂಡ ರೋಗಿಗಳನ್ನು ಯಾರೂ ಅಲ್ಲಗಳೆಯಲಾಗಲಿಲ್ಲ. ಸ್ವೀಡನ್ನಿನ ದಂತವೈದ್ಯರು ಮೆನಿಯೇರ್ ವ್ಯಾಧಿಯುಳ್ಳವರನ್ನು ಇತರರೊಡನೆ ಹೋಲಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ರೋಗಿಗಳಲ್ಲಿ ದವಡೆಯ ಮತ್ತು ಅಗಿಯುವ ಸ್ನಾಯುಗಳ ತೊಂದರೆ ಹೆಚ್ಚಾಗಿಯೇ ಕಂಡುಬಂದಿತು. ಜೊತೆಯಾಗಿ ಕಂಡದ್ದೆಲ್ಲ ಕಾರಣವೆನಿಸದು ಎಂಬ ವಿವೇಕವನ್ನು ಬಿಡದೆಯೇ ನಾವು ಇದನ್ನು ಗ್ರಹಿಸಬೇಕು. ದವಡೆಯ ಬೇನೆಯಿಂದ ಕಿವಿನೋವು, ಕಿವಿ ಕಟ್ಟಿದಂತಾಗುವುದು, ಮೊರೆತ ಇವು ಬರಬಹುದು. ಗಂಟೆಗಟ್ಟಲೆ ಲೋಕವೇ ತಿರುಗುವ, ಶ್ರವಣವು ಏರಿಳಿಯುವ ಸುತ್ತಿಗೆ ಮೊದಲು ಒಳಕಿವಿಯನ್ನೇ ಪರೀಕ್ಷಿಸತಕ್ಕುದು.

ಈ ವಿವೇಕವಿಲ್ಲದಾಗ ಆಗುವ ಅನಾಹುತವನ್ನೂ ಚರಿತ್ರೆ ಕಂಡಿದೆ. ವಿಲಿಯಂ ಹಂಟರ್ ಎಂಬ ಬ್ರಿಟಿಷ್ ವೈದ್ಯನು 1910ರಲ್ಲಿ ಮಾಂಟ್ರಿಯಲ್ಲಿನಲ್ಲಿ ಮಾಡಿದ ಉಪನ್ಯಾಸದ ನಂತರ, ಬಾಯಿಯ ಸೋಂಕೇ ದೇಹದ ನಾನಾ ರೋಗಗಳಿಗೆ ಮೂಲವೆಂಬ ಮತವು ಹಬ್ಬಿ, ಅಸಂಖ್ಯ ಹಲ್ಲುಗಳು ವೃಥಾ ಕೀಳಲ್ಪಟ್ಟುವು. ತಲೆಸುತ್ತಿಗೆ ಹಲ್ಲು ಕೀಳಿಸಿಕೊಳ್ಳಿರೆಂದು ಯಾರಾದರೂ ಹೇಳಿದರೆ ಓದುಗರು ಎದ್ದು ಬರಬೇಕು. ತಲೆಯನ್ನು ಹೊರಳಿಸಿದಾಗ ಕೆಲವೇ ಕ್ಷಣ ಸುತ್ತು ಬರುವವರಲ್ಲಿ, ಒಳಕಿವಿಯ ಸುಣ್ಣದ ಸಣ್ಣ ಕಣಗಳು ಸ್ಥಾನ ತಪ್ಪಿ ನಾಳದೊಳಗೆ ಜಾರಿರುವುದೇ ಸಾಮಾನ್ಯವಾದ ಕಾರಣ. ಮೇಲ್ದವಡೆಯಲ್ಲಿ ಕೃತಕ ಹಲ್ಲನ್ನು ಕೂರಿಸಲು ಸುತ್ತಿಗೆಯಿಂದ ತಟ್ಟಿದ ಮೇಲೆ ಹೀಗಾದದ್ದು ದಂತವೈದ್ಯರಿಗೆ ತಿಳಿದ ಸಂಗತಿ. ಅಮೆರಿಕದ ಜಾನ್ ಎಪ್ಲಿ ರೂಪಿಸಿದ ಕ್ರಮದಂತೆ ತಲೆಯನ್ನು ಹಂತಹಂತವಾಗಿ ತಿರುಗಿಸಿದರೆ ಬಹುಮಂದಿಗೆ ಕೆಲವು ನಿಮಿಷಗಳಲ್ಲಿ ಅದು ಹೋಗುವುದು. ಅಂಥ ರೋಗಿಗೆ ತಿಂಗಳುಗಟ್ಟಲೆ ಸುತ್ತಿನ ಮಾತ್ರೆಯನ್ನು ನುಂಗಿಸುವುದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ.

ನಮ್ಮ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಕೊಂಡಿಯುಂಟು, ಅದು ಅಡಿಕೆಯದು. ಅಡಿಕೆಯನ್ನೂ ಗುಟ್ಕಾವನ್ನೂ ಸದಾ ದವಡೆಯಲ್ಲಿಟ್ಟುಕೊಳ್ಳುವವರ ಬಾಯಿಯ ಒಳಪೊರೆ ಗಡುಸಾಗಿ, ಬಾಯಿ ತೆರೆಯುವುದೇ ಕಷ್ಟವಾಗುವ ರೋಗವನ್ನು ವೈದ್ಯರು ನಿತ್ಯ ಕಾಣುತ್ತಾರೆ. ಅದು ಕ್ಯಾನ್ಸರಿಗೆ ಪೂರ್ವಸೂಚನೆಯೂ ಹೌದು. ಆ ಗಡುಸುತನವು ಮೃದುತಾಲುವಿಗೆ ಹಬ್ಬಿದಾಗ, ಗಂಟಲಿನಿಂದ ನಡುಗಿವಿಗೆ ಗಾಳಿಯನ್ನು ಒದಗಿಸುವ ನಾಳವನ್ನು ತೆರೆಯುವ ಸ್ನಾಯುಗಳೂ ಬಲಗುಂದಿ, ಕಿವಿ ಕಟ್ಟಿ, ಶ್ರವಣ ಮಂದವಾಗುವುದು. ಅದರ ಮೇಲೆ ಯಂತ್ರದ ಸದ್ದು ಹಗಲೆಲ್ಲ ಬಡಿದರೆ ಒಳಕಿವಿಯಲ್ಲಿ ನಾಶವಾದ ಶ್ರವಣದ ರೋಮಕೋಶಗಳು ಮತ್ತೆ ಬೆಳೆಯವು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಚನ್ನಪಟ್ಟಣದಿಂದ ಅಲ್ಲಿಗೆ ರೈಲೂ ಹೆದ್ದಾರಿಯೂ ನೇರವಾಗಿವೆ. ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಪಂಕ್ತಿ ಕೊಡುವ ದಂತಭಾಗ್ಯ ಯೋಜನೆಯನ್ನು ರಾಜ್ಯ ಸರ್ಕಾರ ನಡೆಸಿಕೊಂಡು ಬಂದಿದೆ. ಕೇಂದ್ರದ ಕಿವುಡುತನ ನಿಯಂತ್ರಣ ಕಾರ್ಯಕ್ರಮ ಒಂದು, ಬಾಯಿಯ ಆರೋಗ್ಯದ ಕಾರ್ಯಕ್ರಮ ಇನ್ನೊಂದು. ಎರಡೂ ಬೇರೆ ಬೇರೆಯಾಗಿ ನಡೆಯುತ್ತವೆ, ರೋಗಿಯ ತಲೆ ಮಾತ್ರ ಒಂದೇ. ತಾಲ್ಲೂಕು ಆಸ್ಪತ್ರೆಯಲ್ಲಿ ಕಿವಿವೈದ್ಯರೂ ದಂತವೈದ್ಯರೂ ಒಬ್ಬರಿಗೊಬ್ಬರು ಚೀಟಿ ಬರೆಯುವ ಪದ್ಧತಿಯಾಗಬೇಕು: ಹಲ್ಲಿನಲ್ಲಿ ದೋಷ ಕಾಣದ ಕಿವಿನೋವು ಕಿವಿವೈದ್ಯರಿಗೆ ಹೋಗಲಿ, ಕಿವಿಯಲ್ಲಿ ದೋಷ ಕಾಣದ ಕಿವಿನೋವು ದಂತವೈದ್ಯರಿಗೆ ಬರಲಿ. ಹೊರರೋಗಿಗಳ ಚೀಟಿಯಲ್ಲಿ ಮೂರು ಪ್ರಶ್ನೆಗಳನ್ನು ಅಚ್ಚು ಹಾಕಿಸಿದರೂ ಆರಂಭಕ್ಕೆ ಸಾಕು: ರಾತ್ರಿ ಹಲ್ಲು ಕಡಿಯುವಿರಾ, ಅಗಿಯುವಾಗ ಕಿವಿಯ ಬಳಿ ನೋವುಂಟೆ, ಅಡಿಕೆ ಹಾಕುವಿರಾ. ಲೇತಿನ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಅವರ ಕಾರ್ಖಾನೆಗಳಿಗೇ ಹೋಗಿ ಶ್ರವಣವನ್ನೂ ಬಾಯಿಯನ್ನೂ ಒಂದೇ ದಿನ ಪರೀಕ್ಷಿಸುವ ಶಿಬಿರವನ್ನು ಜಿಲ್ಲಾ ಆರೋಗ್ಯ ಇಲಾಖೆ ಈ ವರ್ಷದಲ್ಲಿಯೇ ಏರ್ಪಡಿಸಬೇಕು.