ಶ್ರುತಿಗೆ ಅಡ್ಡಬರುವ ಗುಂಯ್‌ಕಾರ

ಕೈವಾರದ ಗುರುಪೂರ್ಣಿಮೆಯ ಸಂಗೀತೋತ್ಸವವನ್ನು ಕೇಳಿ ಬಂದ ಚಿಂತಾಮಣಿಯ ವಿದ್ಯಾರ್ಥಿ, ಅಂತಹ ಗಾನವನ್ನು ಮನೆಯಲ್ಲಿಯೂ ಆಲಿಸಬಯಸಿ ತಾನೇ ಆಂಪ್ಲಿಫೈಯರನ್ನು ಕಟ್ಟುವುದುಂಟು. ಆಗ ತಂಬೂರಿಯ ಹಿಂದೆ ಕರೆಯದ ನಾದವೊಂದು ಕೇಳಿಬರುತ್ತದೆ. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. ಪೂರ್ಣತರಂಗ ರೆಕ್ಟಿಫೈಯರಿನಿಂದ ಹೊರಬೀಳುವ ಏರಿಳಿತವಾದರೋ 100 ಸಲ. ಒಂದು ಮನೆ ಶ್ರುತಿಯಲ್ಲಿ ಮಂದ್ರ ಪಂಚಮದ ಕಂಪನಗಳು ಸುಮಾರು 98. ಇವೆರಡೂ ಕೂಡಿದರೆ ನಾದವು ಸೆಕೆಂಡಿಗೆ ಎರಡು ಬಾರಿ ಉಬ್ಬಿ ತಗ್ಗುತ್ತದೆ. ಶ್ರುತಿಜ್ಞಾನವುಳ್ಳ ಕಿವಿಗೆ ಇದಕ್ಕಿಂತ ಹಿಂಸೆ ಬೇರೆ ಬೇಕೆ?

ದೊಡ್ಡ ಕೆಪಾಸಿಟರೇ ಇದಕ್ಕೆ ಮದ್ದೆಂದು ಹಲವರ ನಂಬಿಕೆ. ಆದರೆ 1 ಆಂಪಿಯರ್ ಹರಿಯುವಾಗ 10,000 ಮೈಕ್ರೋಫ್ಯಾರಡಿನ ಕೆಪಾಸಿಟರಿನಲ್ಲಿಯೂ ಸುಮಾರು 1 ವೋಲ್ಟಿನ ಏರಿಳಿತ ಉಳಿಯುತ್ತದೆ. ಅದರ ಮುಂದೆ ವೋಲ್ಟೇಜ್ ರೆಗ್ಯುಲೇಟರನ್ನು ಇರಿಸುವುದೇ ಲೇಸು.

ಗುಂಯ್‌ಕಾರವು 50ರದ್ದಾಗಿದ್ದರೆ ದೋಷವು ಬಹುಮಟ್ಟಿಗೆ ಜೋಡಣೆಯದು. ಎರಡು ಉಪಕರಣಗಳು ಬೇರೆ ಬೇರೆ ಸಾಕೆಟ್ಟುಗಳಿಂದ ಭೂಸಂಪರ್ಕ ಪಡೆದಾಗ, ಅವುಗಳ ನಡುವಣ ಧ್ವನಿತಂತಿಯ ಹೊದಿಕೆಯೂ ಸೇರಿ ಒಂದು ಬಳೆ ಏರ್ಪಡುತ್ತದೆ. ಅದರಲ್ಲಿ ಬೇಡದ ಪ್ರವಾಹ ಸುತ್ತುತ್ತದೆ. ಎರಡನ್ನೂ ಒಂದೇ ಪ್ಲಗ್‌ಪೆಟ್ಟಿಗೆಗೆ ಜೋಡಿಸಿ ನೋಡಬೇಕು.

ಮೂರನೆಯ ಪಿನ್ನನ್ನು ಕಿತ್ತುಹಾಕಿರೆಂಬ ಸಲಹೆಯನ್ನು ಮಾತ್ರ ನಾವು ಎಂದಿಗೂ ಒಪ್ಪಲಾರೆವು. ಸದ್ದು ಅಡಗಬಹುದು, ನಿಜ. ಆದರೆ ಟ್ರಾನ್ಸ್‌ಫಾರ್ಮರಿನ ಅವಾಹಕ ಹೊದಿಕೆ ಸವೆದ ದಿನ 230 ವೋಲ್ಟು ಲೋಹದ ಪೆಟ್ಟಿಗೆಗೇ ಬಂದು ನಿಲ್ಲುತ್ತದೆ. ಭೂಸಂಪರ್ಕವಿದ್ದರೆ ಫ್ಯೂಸು ಸುಟ್ಟುಹೋಗುತ್ತದೆ. ಇಲ್ಲವಾದರೆ, ಸದ್ದನ್ನು ತಗ್ಗಿಸಲು ಗುಂಡಿಯ ಕಡೆಗೆ ಚಾಚಿದ ಕೈಯೇ ವಿದ್ಯುತ್ತಿಗೆ ದಾರಿಯಾಗುತ್ತದೆ.