ಹೆಸರು ಖಾಲಿಯಿದ್ದ ಮಾತ್ರಕ್ಕೆ ಹಕ್ಕು ಬಾರದು

ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಕೈಮಗ್ಗದ ಸೀರೆಗಳನ್ನು ಜಾಲತಾಣದ ಮೂಲಕ ಮಾರಲು ನಮ್ಮ ಮನೆಗಳ ತರುಣ ತರುಣಿಯರು ತೊಡಗಿರುವುದು ಸಂತೋಷದ ಸಂಗತಿ. ಆದರೆ ತಾಣಕ್ಕೆ ಹೆಸರನ್ನು ಆರಿಸುವಾಗ, ಅದು ಖಾಲಿಯಿದೆಯೇ ಎಂಬ ಒಂದೇ ಪರೀಕ್ಷೆಗೆ ಅವರಲ್ಲಿ ಹಲವರು ತೃಪ್ತರಾಗುವುದನ್ನು ನಾವು ಕಂಡಿದ್ದೇವೆ. ಡೊಮೇನ್ ಹೆಸರನ್ನು ನೋಂದಾಯಿಸುವ ಸಂಸ್ಥೆಯು ಮೊದಲು ಬಂದವರಿಗೆ ಹೆಸರನ್ನು ಕೊಡುತ್ತದೆಯೇ ಹೊರತು, ಅದು ಮತ್ತೊಬ್ಬರ ಟ್ರೇಡ್‌ಮಾರ್ಕಿಗೆ ಬಾಧಕವೇ ಎಂದು ವಿಚಾರಿಸುವುದಿಲ್ಲ. ಆ ವಿಚಾರಣೆಯ ಭಾರ ಕೊಳ್ಳುವವರದೇ.

ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿ ಆರಂಭವಾದ ವ್ಯಾಜ್ಯವೊಂದನ್ನು ಇಲ್ಲಿ ನೆನೆಯಬೇಕು. ಸತ್ಯಂ ಇನ್ಫೋವೇ ಕಂಪನಿಯು ತನ್ನ ಹೆಸರಿನಿಂದಲೇ ‘ಸಿಫಿ’ ಎಂಬ ಪದವನ್ನು ಕಟ್ಟಿಕೊಂಡು, 1999ರಲ್ಲಿ ‘ಸಿಫಿನೆಟ್’ ಮೊದಲಾದ ಡೊಮೇನ್ ಹೆಸರುಗಳನ್ನು ಪಡೆದಿತ್ತು. 2001ರಲ್ಲಿ ಮತ್ತೊಂದು ಸಂಸ್ಥೆಯು ಆಂಗ್ಲದ ‘ಎಫ್’ ಅಕ್ಷರವೊಂದನ್ನು ಹೆಚ್ಚಿಸಿ ‘ಸಿಫ್ಫಿನೆಟ್’ ಎಂದು ವ್ಯವಹಾರ ಆರಂಭಿಸಿತು. ಕನ್ನಡದಲ್ಲಾದರೆ ಒಂದು ಒತ್ತಕ್ಷರದಿಂದ ‘ಹಳಿ’ಯು ‘ಹಳ್ಳಿ’ಯಾಗುತ್ತದೆ, ಆಂಗ್ಲದ ಜೋಡಿ ‘ಎಫ್’ಗೆ ಅಂತಹ ಸಾಮರ್ಥ್ಯವಿಲ್ಲ! ತಮ್ಮ ಐವರು ಪ್ರವರ್ತಕರ ಹೆಸರಿನ ಮೊದಲಕ್ಷರಗಳಿಂದ ಈ ಪದ ಹುಟ್ಟಿತೆಂದು ಆ ಸಂಸ್ಥೆ ವಾದಿಸಿತು. ಸಿವಿಲ್ ನ್ಯಾಯಾಲಯ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟಿತು. ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ತೆರವುಗೊಳಿಸಿತು. 2004ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯವು ಮೊದಲಕ್ಷರಗಳ ವಿವರಣೆಯನ್ನು ನಂಬದೆ ತಡೆಯಾಜ್ಞೆಯನ್ನು ಮರಳಿ ಸ್ಥಾಪಿಸಿತು. ಡೊಮೇನ್ ಹೆಸರಿಗೆಂದೇ ಪ್ರತ್ಯೇಕ ಕಾನೂನು ಇಲ್ಲದಿದ್ದರೂ, ಒಬ್ಬರ ಸರಕನ್ನು ಇನ್ನೊಬ್ಬರದೆಂದು ಭ್ರಮೆ ಹುಟ್ಟಿಸುವುದನ್ನು ತಡೆಯುವ ‘ಪಾಸಿಂಗ್ ಆಫ್’ ನ್ಯಾಯವು ಅದಕ್ಕೂ ಅನ್ವಯಿಸುತ್ತದೆಂದು ಹೇಳಿತು.

ಈ ನ್ಯಾಯದ ರಕ್ಷಣೆಗೆ ಹೆಸರು ನೋಂದಣಿಯಾಗಿರಲೇಬೇಕೆಂದಿಲ್ಲ. 1999ರಲ್ಲಿ ‘ಯಾಹೂಇಂಡಿಯಾ’ ಎಂಬ ಡೊಮೇನ್ ಹೆಸರನ್ನು ದೆಹಲಿ ಉಚ್ಚ ನ್ಯಾಯಾಲಯ ತಡೆದಾಗ, ಯಾಹೂ ಮುದ್ರೆಯು ಭಾರತದಲ್ಲಿ ಇನ್ನೂ ನೋಂದಣಿಯಾಗಿರಲಿಲ್ಲ. ಅದು ನಿಘಂಟಿನ ಪದವೆಂಬ ವಾದವೂ ನಿಲ್ಲಲಿಲ್ಲ.

ಆದ್ದರಿಂದ ಹಣ ಕಟ್ಟುವ ಮುನ್ನ ಭಾರತ ಸರ್ಕಾರದ ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯ ತಾಣದಲ್ಲಿ ಶೋಧಿಸಬೇಕು, ಶುಲ್ಕವಿಲ್ಲ. ಸರಕು ಮತ್ತು ಸೇವೆಗಳನ್ನು ಅಲ್ಲಿ 45 ವರ್ಗಗಳಾಗಿ ವಿಂಗಡಿಸಿದ್ದಾರೆ: ಮಸಾಲೆ ಪುಡಿಗಳು 30ರಲ್ಲಿ, ಉಡುಪುಗಳು 25ರಲ್ಲಿ, ಚಿಲ್ಲರೆ ಮಾರಾಟದ ಸೇವೆ 35ರಲ್ಲಿ ಬರುತ್ತವೆ. ಅಕ್ಷರ ಹೊಂದಿಸಿ ನೋಡಿದರೆ ಸಾಲದು; ಉಚ್ಚಾರಣೆಯ ಸಾಮ್ಯದಿಂದ ಹುಡುಕುವ ಸೌಲಭ್ಯವೂ ಅಲ್ಲಿದೆ, ಅದನ್ನು ಬಳಸಬೇಕು. ಬಳಿಕ ನೋಂದಣಿಯಾಗದ ಅಂಗಡಿ ಹೆಸರುಗಳಿಗಾಗಿ ಗೂಗಲ್‌ನಲ್ಲಿ ನೋಡಬೇಕು. ಕಂಪನಿಗಳ ಪಟ್ಟಿಯನ್ನೂ ಬಿಡಬಾರದು. ‘ಡಾಟ್ ಇನ್’ ಹೆಸರಿನ ಮೇಲೆ ದೂರು ಬಂದರೆ ಮಧ್ಯಸ್ಥಗಾರರು ಅದನ್ನು ರದ್ದುಪಡಿಸಬಹುದು, ದೂರುದಾರರಿಗೆ ವರ್ಗಾಯಿಸಲೂಬಹುದು. ಅಷ್ಟರಲ್ಲಿ ಚೀಲ, ಲೇಬಲ್, ರಸೀದಿ ಪುಸ್ತಕಗಳೆಲ್ಲ ಅಚ್ಚಾಗಿರುತ್ತವೆ.

ಮನೆತನದ ಹೆಸರನ್ನೇ ಇಡುತ್ತೇವೆಂಬವರಿಗೆ ಒಂದು ಮಾತು. ಪ್ರಾಮಾಣಿಕವಾಗಿ ಸ್ವಂತ ಹೆಸರನ್ನು ಬಳಸುವವರಿಗೆ 1999ರ ಟ್ರೇಡ್‌ಮಾರ್ಕ್ ಕಾಯಿದೆಯ 35ನೆಯ ಕಲಮು ಆಸರೆಯಾಗಿದೆ. ಆದರೆ ಪಾಟೀಲ, ದೇಸಾಯಿ ಎಂಬ ಹೆಸರಿನವರು ನಾಡಿನಲ್ಲಿ ಎಷ್ಟು ಮಂದಿ! ಅದೇ ಹೆಸರಿನಲ್ಲಿ ಅದೇ ಸರಕನ್ನು ಮಾರಿ ಪ್ರಸಿದ್ಧರಾದವರು ಇದ್ದರೆ, ವಕೀಲರೊಬ್ಬರನ್ನು ಕಂಡ ಮೇಲೆಯೇ ಹಣ ಕಟ್ಟುವುದು ಲೇಸೆಂದು ನಮ್ಮ ಅಭಿಪ್ರಾಯ.