ಸಾಲದ ಆಸನ

ಮನೆಗೆ ಬಂದವರನ್ನು ಕುಳಿತುಕೊಳ್ಳಿರೆಂದು ಕೇಳಿಕೊಳ್ಳುವುದು ನಮ್ಮ ನಾಡಿನ ಮೊದಲ ಉಪಚಾರ. ನೀರು, ಬೆಲ್ಲ, ಎಲೆಯಡಿಕೆಗಳೆಲ್ಲ ಅದರ ತರುವಾಯ ಬರುವಂಥವು. ಈ ಉಪಚಾರಕ್ಕಾಗಿ ಹಿಂದಿನವರು ಚಾಪೆಯನ್ನು ಹಾಸಿದರು, ಜಮಖಾನವನ್ನು ಬಿಡಿಸಿದರು, ಮಣೆಯನ್ನಿಟ್ಟರು. ಅನುಕೂಲಸ್ಥರ ಪಡಸಾಲೆಯಲ್ಲಿ ತೂಗುಮಂಚವೂ ಇರುತ್ತಿತ್ತು. ಇಂದು ಆ ಸ್ಥಾನಕ್ಕೆ ಸೋಫಾ ಬಂದು ಕುಳಿತಿದೆ. ಎತ್ತರಿಸಿದ ಜಗಲಿ ಎಂಬರ್ಥದ ‘ಸುಫ್ಫಾ’ ಎಂಬ ಅರಬ್ಬೀ ಮಾತು ಹಲವು ದೇಶಗಳನ್ನು ಸುತ್ತಿ, ರೂಪವನ್ನು ಬದಲಿಸಿಕೊಂಡು, ನಮ್ಮ ಹಳ್ಳಿಯ ಮನೆಗಳನ್ನೂ ಪ್ರವೇಶಿಸಿದೆ.

ಸೋಫಾ ಬೇಕೆನ್ನುವುದು ತಪ್ಪಲ್ಲ. ಮಂಡಿ ನೋಯುವ ವೃದ್ಧರಿಗೆ ನೆಲದ ಮೇಲಿನ ಚಾಪೆ ಶಿಕ್ಷೆಯಾಗಬಹುದು. ದಿನವೆಲ್ಲ ನಿಂತು ದುಡಿದು ಬಂದವರಿಗೆ ಬೆನ್ನೊರಗಿಸುವ ಮೆತ್ತೆ ಬೇಕೆನಿಸುವುದು ಸಹಜ. ಆದುದರಿಂದ ವಿಚಾರಮಾಡಬೇಕಾದುದು ಸೋಫಾ ಬೇಕೇ ಬೇಡವೇ ಎಂಬುದನ್ನಷ್ಟೇ ಅಲ್ಲ. ಅದರ ಬೆಲೆಯನ್ನು ಯಾವ ಹಣದಿಂದ, ಯಾವಾಗ, ಹೇಗೆ ಕೊಡುವುದೆಂಬುದನ್ನು. ಮೊದಲನೆಯ ಪ್ರಶ್ನೆಗೆ ವಾರಗಟ್ಟಲೆ ಚರ್ಚೆ ನಡೆಸುವ ಸಂಸಾರಗಳು ಎರಡನೆಯದನ್ನು ಅಂಗಡಿಯ ಮೇಜಿನ ಮುಂದೆ ಐದು ನಿಮಿಷದಲ್ಲಿ ತೀರ್ಮಾನಿಸಿಬಿಡುತ್ತವೆ. ಬಣ್ಣವನ್ನು ಆರಿಸಲು ವ್ಯಯಿಸಿದ ಹೊತ್ತಿನಲ್ಲಿ ಕಾಲು ಭಾಗವನ್ನಾದರೂ ಲೆಕ್ಕಕ್ಕೆ ಕೊಟ್ಟಿದ್ದರೆ ಎಷ್ಟೋ ಮನೆಗಳ ನೆಮ್ಮದಿ ಉಳಿಯುತ್ತಿತ್ತು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ತಿಂಗಳಿಗೆ 30,000 ರೂಪಾಯಿ ಸಂಪಾದಿಸುವ ಒಂದು ಸಂಸಾರ. 36,000 ರೂಪಾಯಿ ಬೆಲೆಯ ಒಂದು ಸೋಫಾ. ಕೈಯಲ್ಲಿ ಅಷ್ಟು ಹಣವಿಲ್ಲ. ವರ್ಷಕ್ಕೆ ಶೇಕಡ 12ರ ಬಡ್ಡಿ, 12 ಸಮಾನ ಕಂತುಗಳು ಎಂದು ಅಂಗಡಿಯವನು ಹೇಳುತ್ತಾನೆ. ಆತನ ಲೆಕ್ಕ ಸರಳ: ಅಸಲು 36,000, ಬಡ್ಡಿ 4,320, ಒಟ್ಟು 40,320, ತಿಂಗಳ ಕಂತು 3,360 ರೂಪಾಯಿ. ಶೇಕಡ 12 ದುಬಾರಿಯಲ್ಲವೆಂದು ಸಂಸಾರವು ಒಪ್ಪಿಕೊಳ್ಳುತ್ತದೆ.

ಆದರೆ ಇಲ್ಲಿಯೇ ಒಂದು ಸೂಕ್ಷ್ಮವಿದೆ. ಸಾಲಗಾರನು ವರ್ಷಪೂರ್ತಿ 36,000 ರೂಪಾಯಿಯನ್ನು ಇಟ್ಟುಕೊಂಡಿರುವುದಿಲ್ಲ. ತಿಂಗಳಿಗೆ 3,000ದಂತೆ ಅಸಲು ತೀರುತ್ತ ಹೋದರೆ ಎರಡನೆಯ ತಿಂಗಳಿಗೆ ಬಾಕಿ 33,000, ಮೂರನೆಯದಕ್ಕೆ 30,000. ಕೊನೆಯ ತಿಂಗಳಿಗೆ ಕೇವಲ 3,000. ಆಯಾ ತಿಂಗಳ ಬಾಕಿಗೆ ಮಾತ್ರ ತಿಂಗಳಿಗೆ ಶೇಕಡ 1ರಂತೆ ಬಡ್ಡಿ ಕಟ್ಟಿದರೆ ವರ್ಷದ ಬಡ್ಡಿ 2,340 ರೂಪಾಯಿಯಷ್ಟೇ. ತೀರಿಸಿದ ಹಣಕ್ಕೂ ಬಡ್ಡಿಯನ್ನು ಎಣಿಸಿದುದರಿಂದಲೇ ಅದು 4,320 ಆಯಿತು. ಹೀಗೆ ಶೇಕಡ 12 ಎಂದು ಹೇಳಿದ ಸಾಲದ ನಿಜವಾದ ದರ ಶೇಕಡ 21ನ್ನು ಮೀರುತ್ತದೆ. ಅಂಗಡಿಯವನು ಸುಳ್ಳನ್ನೇನೂ ಹೇಳಲಿಲ್ಲ. ಕೊಳ್ಳುವವರು ಕೇಳಬೇಕಾದುದನ್ನು ಕೇಳಲಿಲ್ಲ. ಒಂಬತ್ತನೆಯ ತರಗತಿಯ ಗಣಿತವನ್ನು ಬಲ್ಲ ಮಗನೋ ಮಗಳೋ ಆ ಮೇಜಿನ ಬಳಿ ಒಂದು ಕಾಗದ, ಒಂದು ಪೆನ್ಸಿಲು ಹಿಡಿದು ನಿಂತಿದ್ದರೆ ಈ ಅಂತರವು ಬೆಳಕಿಗೆ ಬರುತ್ತಿತ್ತು.

ಇನ್ನು ಕೆಲವೆಡೆ ‘ಬಡ್ಡಿಯೇ ಇಲ್ಲ’ ಎಂಬ ಫಲಕವು ತೂಗುತ್ತಿರುತ್ತದೆ. ಹಣಕ್ಕೆ ಬಾಡಿಗೆಯಿಲ್ಲದ ಊರು ಯಾವುದು? ಅದೇ ಸೋಫಾಕ್ಕೆ ಪೂರ್ಣ ಹಣವನ್ನು ಒಮ್ಮೆಗೇ ಕೊಡುವವರಿಗೆ 3,000 ರೂಪಾಯಿ ಸೋಡಿ ಬಿಡುವುದಾದರೆ, ಕಂತಿನಲ್ಲಿ ಕೊಳ್ಳುವವನು ಕಳೆದುಕೊಂಡ ಆ 3,000 ರೂಪಾಯಿಯೇ ಬಡ್ಡಿ. ಅದರ ಮೇಲೆ 500 ರೂಪಾಯಿ ಶುಲ್ಕವನ್ನು ತೆತ್ತರೆ ಬಡ್ಡಿಯು 3,500 ಆಯಿತು. ಭಾರತೀಯ ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ಸುತ್ತೋಲೆಯನ್ನು ಕಳುಹಿಸಿ, ಶೂನ್ಯಬಡ್ಡಿ ಎಂಬುದು ವಾಸ್ತವದಲ್ಲಿ ಇಲ್ಲವೆಂದು ತಿಳಿಸಿತು. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಹಣಕಾಸು ಸಂಸ್ಥೆಗಳೂ ಹೊಸ ಚಿಲ್ಲರೆ ಸಾಲಗಳ ಶುಲ್ಕಗಳನ್ನೆಲ್ಲ ಸೇರಿಸಿದ ವಾರ್ಷಿಕ ದರವನ್ನು ಒಂದು ಮುಖ್ಯಾಂಶಪತ್ರದಲ್ಲಿ ಬರೆದುಕೊಡಬೇಕೆಂಬ ನಿಯಮವೂ ಬಂದಿದೆ. ಕಾನೂನು ದೀಪವನ್ನು ಹಚ್ಚಿಡಬಲ್ಲದು. ಓದುವ ಶ್ರಮವನ್ನು ಕೊಳ್ಳುವವರೇ ವಹಿಸಬೇಕು. ‘ರೊಕ್ಕ ಕೊಟ್ಟರೆ ಬೆಲೆ ಎಷ್ಟು? ಕಂತುಗಳೆಲ್ಲ ಮುಗಿದಾಗ ಒಟ್ಟು ಕೊಟ್ಟಿರುವುದೆಷ್ಟು?’ ಈ ಎರಡು ಪ್ರಶ್ನೆಗಳ ಉತ್ತರಗಳನ್ನು ಒಂದರ ಕೆಳಗೊಂದು ಬರೆದು ಕಳೆದರೆ ಸಾಕು, ಸತ್ಯ ಹೊರಬೀಳುತ್ತದೆ.

ಕ್ರೆಡಿಟ್ ಕಾರ್ಡಿನ ಮಾತು ಇನ್ನೂ ನಾಜೂಕಿನದು. ಗಡುವಿನೊಳಗೆ ಪೂರ್ಣವಾಗಿ ತೀರಿಸುವ ಶಿಸ್ತಿನವನಿಗೆ ಅದು ಕೆಲವು ವಾರಗಳ ಬಡ್ಡಿಯಿಲ್ಲದ ಕೈಸಾಲ. ಕನಿಷ್ಠ ಮೊತ್ತವನ್ನು ಮಾತ್ರ ಕಟ್ಟಿ ಉಳಿದುದನ್ನು ಮುಂದಕ್ಕೆ ತಳ್ಳುವವನಿಗೆ ಅದು ಬೇರೆಯೇ ಮುಖವನ್ನು ತೋರಿಸುತ್ತದೆ. ತಿಂಗಳಿಗೆ ಶೇಕಡ 3 ಎಂಬುದು ಕಿವಿಗೆ ಚಿಕ್ಕದು; ವರ್ಷಕ್ಕೆ ಶೇಕಡ 36 ಎಂದಾಗ ಅದರ ನಿಜವಾದ ಗಾತ್ರ ಗೋಚರವಾಗುತ್ತದೆ. ಬಡ್ಡಿಗೆ ಬಡ್ಡಿ ಕೂಡಿದರೆ ಅದೂ ಹೆಚ್ಚುತ್ತದೆ.

ಇವೆಲ್ಲಕ್ಕಿಂತ ಹಳೆಯದೂ ಸುಲಭವೂ ಆದ ದಾರಿಯೊಂದಿದೆ. ಸಾಲವನ್ನು ತೀರಿಸಲು ತಿಂಗಳಿಗೆ 3,000 ರೂಪಾಯಿ ಮಿಗಿಸಬಲ್ಲ ಸಂಸಾರವು ಸಾಲ ಮಾಡುವ ಮೊದಲೇ ಅದನ್ನು ಮಿಗಿಸಬಲ್ಲದು. ಶೇಕಡ 6ರ ಸರಳಬಡ್ಡಿ ದೊರೆಯಿತೆಂದಿಟ್ಟುಕೊಂಡರೆ ವರ್ಷದ ಕೊನೆಗೆ 36,000 ರೂಪಾಯಿಯ ಜೊತೆಗೆ 1,170 ರೂಪಾಯಿ ಬಡ್ಡಿಯೂ ಕೈಸೇರುತ್ತದೆ. ಒಬ್ಬನು 4,320 ಕೊಟ್ಟನು, ಇನ್ನೊಬ್ಬನು 1,170 ಪಡೆದನು. ಒಂದೇ ಸೋಫಾ, ಅಂತರ 5,490 ರೂಪಾಯಿ. ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ಕನ್ನಡನಾಡಿನವರು ಬಾಯಿಮಾತಿಗೇ ಬಿಡಲಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಅದರ ಪ್ರತಿನಿಧಿಯು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸಿಕೊಂಡು ಹೋಗುತ್ತಿದ್ದನು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದು ಕಲಿಸಿದ ಪಾಠ ಮಾತ್ರ ಹಳತಾಗಿಲ್ಲ.

ಹಾಗಾದರೆ ಸಾಲವೆಲ್ಲ ಕೆಟ್ಟದ್ದೇ? ಹಾಗೆನ್ನುವುದು ಅನ್ಯಾಯ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಸಂಘವು ಸ್ಥಾಪನೆಯಾದುದು ರೈತರಿಗೆ ಸಾಲ ಕೊಡುವುದಕ್ಕಾಗಿಯೇ. ಆ ಸಾಲವು ಹೊಲಕ್ಕೆ ಹೋಗಿ ಬೆಳೆಯಾಗಿ ಮರಳುವಂಥದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಮೆರಿಕದ ಸಿಂಗರ್ ಕಂಪನಿಯು ಹೊಲಿಗೆಯಂತ್ರಗಳನ್ನು ಕಂತಿನ ಮೇಲೆ ಮಾರತೊಡಗಿದಾಗಲೂ, ಯಂತ್ರವು ಬಟ್ಟೆಯನ್ನು ಹೊಲಿದು ತನ್ನ ಕಂತನ್ನು ತಾನೇ ದುಡಿಯಬಲ್ಲದಾಗಿತ್ತು. ಸೋಫಾ ಏನನ್ನೂ ದುಡಿಯದು. ಅದು ಮನೆಗೆ ಬಂದ ದಿನದಿಂದಲೇ ಹಳತಾಗುತ್ತ ಹೋಗುತ್ತದೆ. ಅದರ ಕಂತನ್ನು ಮನುಷ್ಯನ ಬೆವರೇ ತೆರಬೇಕು. ದುಡಿಯುವ ವಸ್ತುವಿಗಾಗಿ ಮಾಡಿದ ಸಾಲ ಬೇರೆ, ಕೂರುವ ವಸ್ತುವಿಗಾಗಿ ಮಾಡಿದ ಸಾಲ ಬೇರೆ.

ಕಾಯುವುದರಲ್ಲಿಯೂ ನಷ್ಟವಿದೆಯೆಂದು ಹೇಳುವವರುಂಟು. ಬೆಲೆ ಏರಬಹುದು, ಇಂದು ಮಂಡಿನೋವಿನಿಂದ ನರಳುವ ತಂದೆಗೆ ಮುಂದಿನ ವರ್ಷದ ಸೋಫಾದಿಂದೇನು ಪ್ರಯೋಜನ? ಈ ಮಾತಿನಲ್ಲಿ ನ್ಯಾಯವಿದೆ. ಆದರೆ ತಂದೆಗೆ ಬೇಕಾದುದು ಎತ್ತರದ, ಕೈಗಳುಳ್ಳ ಒಂದು ಕುರ್ಚಿ. ಐದು ಮಂದಿಯ ಸೋಫಾ ಅಲ್ಲ. ಅದನ್ನು ಇಂದೇ ತರಬಹುದು. ಹಳೆಯ ಆಸನದ ಮರ ಗಟ್ಟಿಯಾಗಿದ್ದರೆ ಊರಿನ ಬಡಗಿಯೂ ಮೆತ್ತೆ ಹೊಲಿಯುವವನೂ ಅದಕ್ಕೆ ಹೊಸ ಬಾಳನ್ನು ಕೊಟ್ಟಾರು. ಸಾಲ ಅನಿವಾರ್ಯವೇ ಆದರೆ, ಬೆಲೆಯ ದೊಡ್ಡ ಪಾಲನ್ನು ಮೊದಲೇ ಕೊಟ್ಟು ಉಳಿದುದಕ್ಕಷ್ಟೇ ಅಲ್ಪಾವಧಿಯ ಕಂತನ್ನು ಒಪ್ಪಬೇಕು. ಆ ಕಂತು ಊಟಕ್ಕೂ ಔಷಧಕ್ಕೂ ಮಕ್ಕಳ ಓದಿಗೂ ಕೈಹಾಕುವಂತಿರಬಾರದು.

ಏಕೆಂದರೆ ಇಲ್ಲಿ ಪಣವಾಗಿರುವುದು ಕೆಲವು ಸಾವಿರ ರೂಪಾಯಿಯಷ್ಟೇ ಅಲ್ಲ. ಕಂತಿಗೆ ಸಹಿ ಹಾಕಿದವನು ಇನ್ನೂ ಬಾರದ ಹನ್ನೆರಡು ತಿಂಗಳುಗಳನ್ನು ಅಡವಿಟ್ಟಿರುತ್ತಾನೆ. ಆ ತಿಂಗಳುಗಳಲ್ಲಿ ಮಳೆ ತಪ್ಪಬಹುದು, ಕೆಲಸ ಹೋಗಬಹುದು, ಮಗುವಿಗೆ ಜ್ವರ ಬರಬಹುದು. ಆಗ ಶಾಲೆಯ ಶುಲ್ಕವೋ ಸೋಫಾದ ಕಂತೋ ಎಂಬ ಪ್ರಶ್ನೆಯು ಏಳುತ್ತದೆ. ಶುಲ್ಕ ಕಾಯುತ್ತದೆ, ಕಂತು ಕಾಯುವುದಿಲ್ಲ. ಈ ಕಾರಣದಿಂದ ಇಂಥ ತೀರ್ಮಾನವು ಮನೆಯ ಯಜಮಾನನೊಬ್ಬನದಾಗಬಾರದು. ಸಂಸಾರದ ಖರ್ಚನ್ನು ತೂಗಿಸುವ ತಾಯಿ, ಲೆಕ್ಕ ಬಲ್ಲ ಮಕ್ಕಳು, ಎಲ್ಲರೂ ಕೂಡಿ ಆಲೋಚಿಸಬೇಕು. ನೆರೆಮನೆಯವರ ಕಣ್ಣಿಗೆ ಆ ಸಭೆಯಲ್ಲಿ ಸ್ಥಾನವಿರಬಾರದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಬಡವನನ್ನು ಹಂಗಿಸಲು ಹುಟ್ಟಿದುದಲ್ಲ. ಅವನ ನಿದ್ದೆಯನ್ನು ಕಾಯಲು ಹುಟ್ಟಿದುದು. ಆಸನದ ವಿಷಯದಲ್ಲಿಯೂ ಇದು ಹೀಗೆಯೇ. ಅತಿಥಿಯನ್ನು ಕುಳ್ಳಿರಿಸಿದ ಮನೆಯವರು ತಾವೂ ಅವನ ಪಕ್ಕದಲ್ಲಿ ನಿಶ್ಚಿಂತರಾಗಿ ಕುಳಿತು ನಾಲ್ಕು ಮಾತನಾಡುವಂತಿದ್ದರೆ ಚಾಪೆಯೂ ಸಿಂಹಾಸನವೇ. ಆ ನಿಶ್ಚಿಂತೆಯನ್ನು ಮಾರಿ ತಂದ ಮೆತ್ತೆ ಎಷ್ಟು ಮೃದುವಾಗಿದ್ದರೂ ಒತ್ತುತ್ತಲೇ ಇರುತ್ತದೆ.